ಕಾವಲು ನಾಯಿ ಪಳಗಿಸಲು ಕೋಲು ಬೇಡ

ಬೆದ್ದಲು ಬೇಸಾಯದ ಮನೆಗೆ ನಾಯಿ ಬೇಕೇ ಬೇಕು. ಶೇಂಗಾ ಕಾಯಿ ಕಟ್ಟುವಾಗ ಹಂದಿ, ಕಣದಲ್ಲಿ ರಾಗಿ ಇರುವಾಗ ಕಳ್ಳ, ಕುರಿ ರೊಪ್ಪದ ಹತ್ತಿರ ತೋಳ, ಯಾವುದು ಬಂದರೂ ಮೊದಲು ಎಚ್ಚರ ಆಗುವುದು ಅದೇ. ಆದರೆ ಒಂದು ಹೋರಿ ಪಳಗಿಸಲು ತಿಂಗಳುಗಟ್ಟಲೆ ಹೆಣಗುವ ನಾವು ನಾಯಿಗೆ ಏನನ್ನೂ ಕಲಿಸುವುದಿಲ್ಲ. ಕೇಳಿದರೆ ನಾಯಿ ಬಾಲ ಡೊಂಕು ಅಂತ ಗಾದೆ ಹೇಳಿ ಮುಗಿಸ್ತೀವಿ. ಬಾಲ ಡೊಂಕಾಗಿಯೇ ಇರಲಿ ಬಿಡಿ, ಕರೆದಾಗ ಬಂದರೆ ಸಾಕಲ್ಲ?

ಕಲಿಸದೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಪಕ್ಕದವರ ಕುರಿಮರಿ ಕಚ್ಚಿದ ನಾಯಿಗೆ ಹಳ್ಳಿಯಲ್ಲಿ ಉಳಿಗಾಲ ಇಲ್ಲ. ಮರಿಯ ದುಡ್ಡು ಕಟ್ಟಿಕೊಡಬೇಕು, ಮಾತಿಗೆ ಮಾತು ಬೆಳೆದು ಎರಡು ಮನೆ ಮಾತು ಬಿಡ್ತವೆ, ಕೊನೆಗೆ ಒಂದು ರಾತ್ರಿ ಯಾರೋ ವಿಷ ಕಲೆಸಿದ ಮುದ್ದೆ ಎಸೆದು ಹೋಗ್ತಾರೆ. ಹಂದಿ ಹಿಂದೆ ಓಡಿ ಉರುಳಿಗೋ ಕರೆಂಟ್ ತಂತಿಗೋ ಸಿಕ್ಕಿ ಸತ್ತ ನಾಯಿಗಳನ್ನೂ ಕಂಡಿದ್ದೇನೆ. ಅವುಗಳಲ್ಲಿ ಎಷ್ಟೋ ನಾಯಿಗಳು "ಬಾ" ಅಂದಾಗ ತಿರುಗಿ ಬಂದಿದ್ದರೆ ಬದುಕುತ್ತಿದ್ದವು.

ನಾನು ಓದಿದ್ದು ಏಳನೇ ಕ್ಲಾಸು. ಹಿರಿಯೂರು ಕಡೆ ಐದು ಎಕರೆ ಬೆದ್ದಲು, ಹತ್ತಾರು ಕುರಿ ಇವೆ. ಮೂವತ್ತು ವರ್ಷ ನಾಯಿ ಸಾಕಿ, ಕುರಿ ಕಾಯುವವರನ್ನೂ ಪಶು ವೈದ್ಯರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮರಿ ತರುವಾಗ

ಕಣ್ಣು ಬಿಟ್ಟ ಕೂಡಲೇ ಮರಿ ಹೊತ್ತು ತರಬೇಡಿ. ಎಂಟು ವಾರವಾದರೂ ತಾಯಿ ಹತ್ತಿರ ಇರಲಿ. ಎಷ್ಟು ಕಚ್ಚಿದರೆ ನೋವಾಗ್ತದೆ ಅನ್ನುವ ಮೊದಲ ಪಾಠ ಅದು ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿ.

ಮೂರನೇ ವಾರದಿಂದ ಸುಮಾರು ಮೂರು ತಿಂಗಳ ತನಕ ಮರಿ ಏನೇನು ಕಾಣುತ್ತದೋ ಅದನ್ನೆಲ್ಲ "ಇದು ನಮ್ಮದೇ" ಅಂತ ತಿಳಿಯುತ್ತದೆ. ಆಮೇಲೆ ಹೊಸದನ್ನು ಕಂಡರೆ ಹೆದರಿಕೆ, ಇಲ್ಲವೆ ಮೇಲೆ ಬೀಳುವುದು. ಹಾಗಾಗಿ ಮರಿ ತಂದ ವಾರದಿಂದಲೇ ಕುರಿ, ಕೋಳಿ, ದನ, ಚಿಕ್ಕ ಮಕ್ಕಳು, ಟ್ರ್ಯಾಕ್ಟರ್ ಸದ್ದು ಎಲ್ಲ ಪರಿಚಯ ಮಾಡಿಸಿ. ನಾವು ಮರಿಯನ್ನು ದಿನಾ ಸ್ವಲ್ಪ ಹೊತ್ತು ರೊಪ್ಪದ ಪಕ್ಕ ಕಟ್ಟುತ್ತೇವೆ. ಕುರಿ ವಾಸನೆಯಲ್ಲೇ ಬೆಳೆದದ್ದು ಕುರಿಯನ್ನು ಬೇಟೆ ಅಂತ ನೋಡುವುದು ಕಡಿಮೆ.

ಜಾತಿ ನಾಯಿಯೇ ಆಗಬೇಕೆಂದಿಲ್ಲ. ಮುಧೋಳ ನಾಯಿಗೆ ದೊಡ್ಡ ಹೆಸರಿದೆ, 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂದಿದೆ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿಕೊಂಡು ಹೋಗುವ ಬೇಟೆ ನಾಯಿ. ಓಡುವ ಮೊಲ ಕಂಡರೆ ಕಿವಿ ಮುಚ್ಚಿದ ಹಾಗೆ ಓಡ್ತದೆ. ಕರೆದಾಗ ಬರುವಂತೆ ಮಾಡಲು ಅದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಹೊಲ, ಹಟ್ಟಿ ಕಾಯಲು ಊರ ನಾಯಿ ಮರಿ ಧಾರಾಳ ಸಾಕು.

ಮೂಲ ಸೂತ್ರ

ಸೂತ್ರ ಒಂದೇ. ಮಾಡಿದ ಕೆಲಸದ ಬೆನ್ನಿಗೇ ಏನು ಸಿಕ್ಕಿತು ಅನ್ನುವುದರಿಂದ ನಾಯಿ ಕಲಿಯುತ್ತದೆ. ಬೆನ್ನಿಗೇ ಅಂದರೆ ಒಂದೆರಡು ಸೆಕೆಂಡಿನೊಳಗೆ. ಕೂತ ಕೂಡಲೇ ತಿಂಡಿ ಸಿಕ್ಕರೆ "ಕೂತರೆ ಲಾಭ" ಅಂತ ತಿಳೀತದೆ. ಬೆಳಿಗ್ಗೆ ಕೋಳಿ ಹಿಡಿದದ್ದಕ್ಕೆ ಸಂಜೆ ಬಂದು ಬಾರಿಸಿದರೆ ಅದಕ್ಕೆ ತಿಳಿಯುವುದು "ಯಜಮಾನ ಸಂಜೆ ಹೊತ್ತು ಹೊಡೀತಾನೆ" ಅಂತ ಮಾತ್ರ. ತಲೆ ತಗ್ಗಿಸಿ ಬಾಲ ಮಡಚುವುದು ತಪ್ಪು ಒಪ್ಪಿಕೊಂಡಿದ್ದಲ್ಲ, ನಿಮ್ಮ ಮುಖ ನೋಡಿ ಹೆದರಿದ್ದು.

ಅಂಗಡಿ ಬಿಸ್ಕತ್ತು ಬೇಕಿಲ್ಲ. ರೊಟ್ಟಿ ಚೂರು, ಬೇಯಿಸಿದ ಮೊಟ್ಟೆಯ ತುಣುಕು, ಉಪ್ಪು ಹಾಕದೆ ಹುರಿದ ಅರ್ಧ ಶೇಂಗಾ ಬೀಜ ಸಾಕು. ಬೂಷ್ಟು ಹಿಡಿದ ಬೀಜ ಮಾತ್ರ ಕೊಡಬೇಡಿ, ಅದರ ವಿಷ ನಾಯಿಯ ಲಿವರ್ ಕೆಡಿಸ್ತದೆ. ಈರುಳ್ಳಿಯೂ ಆಗದು. ಊಟಕ್ಕೆ ಮೊದಲು, ಹಸಿದಿರುವಾಗ, ದಿನಕ್ಕೆರಡು ಸಲ ಐದೈದು ನಿಮಿಷ ಕಲಿಸಿ. ಹೊಸ ಹೋರಿಗೆ ಮೊದಲ ದಿನವೇ ಇಡೀ ಹೊಲ ಉಳಿಸ್ತೀವೇನು?

ಮೂರು ಮಾತು ಸಾಕು

ಬಾ: ಎಲ್ಲಕ್ಕಿಂತ ಮುಖ್ಯ ಇದು. ಮರಿಯ ಕೊರಳಿಗೆ ಹದಿನೈದು ಇಪ್ಪತ್ತು ಅಡಿ ಹಗುರ ಹಗ್ಗ ಕಟ್ಟಿ ಬಿಡಿ. ಹೆಸರು ಹಿಡಿದು "ಬಾ" ಅಂತ ಒಂದೇ ಸಲ ಕರೆಯಿರಿ. ಬಂದರೆ ತಿಂಡಿ ಕೊಟ್ಟು ಕತ್ತು ಸವರಿ ಮತ್ತೆ ಆಡಲು ಬಿಡಿ. ಬರದಿದ್ದರೆ ಹತ್ತು ಸಲ ಕೂಗಬೇಡಿ, ಹಗ್ಗವನ್ನು ಮೆಲ್ಲಗೆ ಎಳೆದುಕೊಂಡು ಹತ್ತಿರ ತಂದು ಆಗಲೂ ತಿಂಡಿ ಕೊಡಿ. ಮೊದಲು ಅಂಗಳದಲ್ಲಿ, ಆಮೇಲೆ ಹೊಲದಲ್ಲಿ, ಕೊನೆಗೆ ಬೇರೆ ನಾಯಿಗಳು ಇರುವ ಕಡೆ. ಒಂದು ಕಟ್ಟುನಿಟ್ಟು: ಹೊಡೆಯಲು, ಬೈಯಲು, ಸರಪಳಿ ಹಾಕಲು "ಬಾ" ಅನ್ನಬೇಡಿ. ಕಟ್ಟಬೇಕಾದರೆ ನೀವೇ ಅದರ ಹತ್ತಿರ ಹೋಗಿ.

ಬಿಡು: ಮುಷ್ಟಿಯಲ್ಲಿ ತಿಂಡಿ ಹಿಡಿದು ಮುಂದೆ ಚಾಚಿ. ಮರಿ ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಿ. ಬೇಸತ್ತು ಮೂತಿ ಹಿಂದೆ ತೆಗೆದ ಕ್ಷಣ "ಬಿಡು" ಅಂದು ಇನ್ನೊಂದು ಕೈಯಿಂದ ತಿಂಡಿ ಕೊಡಿ. ಇದು ಗಟ್ಟಿಯಾದ ಮೇಲೆ ಹಗ್ಗ ಕಟ್ಟಿಕೊಂಡೇ ಕೋಳಿಗಳಿಂದ ಇಪ್ಪತ್ತು ಮಾರು ದೂರ ನಿಲ್ಲಿಸಿ. ಕೋಳಿ ಬಿಟ್ಟು ನಿಮ್ಮ ಕಡೆ ನೋಡಿದರೆ ತಿಂಡಿ. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಹೋಗಿ. ನಮ್ಮ ಕೆಂಚ ಕೋಳಿ ನಡುವೆ ಮಲಗುವಂತಾಗಲು ಎರಡು ತಿಂಗಳು ಹಿಡಿಯಿತು. ನೆಲದಲ್ಲಿ ಬಿದ್ದ ವಿಷದ ತುತ್ತಿನಿಂದಲೂ ಕಾಯುವ ಮಾತು ಇದೇ.

ಇರು: ಕೂರಿಸಿ, "ಇರು" ಅಂದು ಒಂದು ಹೆಜ್ಜೆ ಹಿಂದೆ ಸರಿಯಿರಿ. ಅಲ್ಲಾಡದಿದ್ದರೆ ನೀವೇ ವಾಪಸು ಹೋಗಿ ತಿಂಡಿ ಕೊಡಿ. ಆಮೇಲೆ ಎರಡು ಹೆಜ್ಜೆ, ಹತ್ತು ಹೆಜ್ಜೆ. ಕಣದ ಅಂಚಿನಲ್ಲಿ ನಾಯಿ ಕೂರಬೇಕು, ರಾಶಿ ಮೇಲೆ ಹತ್ತಬಾರದು ಅನ್ನುವವರಿಗೆ ಇದು ಬೇಕು.

ಮೂರೂ ಚೆನ್ನಾಗಿ ಬಂದ ಮೇಲೆ ತಿಂಡಿಯನ್ನು ಪ್ರತಿ ಸಲ ಕೊಡಬೇಕಿಲ್ಲ. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರೆ ಈ ಸಲ ಸಿಕ್ಕೀತು ಅಂತ ಇನ್ನೂ ಚುರುಕಾಗಿ ಬರ್ತದೆ.

ಮನೆಯವರೆಲ್ಲ ಒಂದೇ ಮಾತು

ಯಜಮಾನ "ಬಾ" ಅಂತಾನೆ, ಮಗ "ಕಮ್" ಅಂತಾನೆ, ಅಜ್ಜಿ "ಕುರೋ ಕುರೋ" ಅಂತಾಳೆ. ನಾಯಿ ಯಾರ ಮಾತು ಕೇಳಬೇಕು? ಎಲ್ಲರೂ ಕೂತು ಮೂರು ಮಾತು ಗೊತ್ತು ಮಾಡಿಕೊಳ್ಳಿ. ಒಬ್ಬರು ಬೇಡ ಅಂದದ್ದನ್ನು ಇನ್ನೊಬ್ಬರು ಬಿಡಬಾರದು. ಮೈಮೇಲೆ ಹಾರುವ ಮರಿಯನ್ನು ಮಕ್ಕಳು ಮುದ್ದು ಮಾಡಿದರೆ ದೊಡ್ಡದಾದ ಮೇಲೂ ಹಾರ್ತದೆ, ಮುದುಕರನ್ನು ಬೀಳಿಸ್ತದೆ. ಹಾರಿದಾಗ ಮುಖ ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತಾಡಿಸಿ.

ಕೋಲು, ಸರಪಳಿ

ಹೊಡೆತ ತಿಂದ ನಾಯಿ ಕಳ್ಳನಿಗಿಂತ ಮೊದಲು ಯಜಮಾನನಿಗೆ ಹೆದರುತ್ತದೆ. ಗುರ್ ಅಂದದ್ದಕ್ಕೆ ಹೊಡೆದರೆ ಗುರ್ ಅನ್ನುವುದು ಬಿಡ್ತದೆ, ಮುಂದೆ ಸೂಚನೆ ಕೊಡದೆ ಕಚ್ತದೆ. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿದರೆ ಜೋರಾಗ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಜೋರಾಗ್ತದೆ ನಿಜ, ಆದರೆ ಯಾರ ಮೇಲೆ ಅಂತ ಹೇಳಲಾಗದು. ಕಳಚಿಕೊಂಡ ದಿನ ಎದುರಿಗೆ ಸಿಗುವುದು ಶಾಲೆಗೆ ಹೋಗುವ ಮಗು.

ಚುಚ್ಚುಮದ್ದು ಮರೆಯಬೇಡಿ

ಎಷ್ಟು ಪಳಗಿದ ನಾಯಿಯಾದರೂ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ. ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅದರ ಆಸುಪಾಸು ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕ್ತಾರೆ, ವಿಚಾರಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಇಷ್ಟಕ್ಕೆ ಖರ್ಚು ಅಂತ ಹೇಳುವುದಾದರೆ ಒಂದು ಹಗ್ಗ, ಹಿಡಿ ಶೇಂಗಾ, ದಿನಕ್ಕೆ ಹತ್ತು ನಿಮಿಷ. ಇದಕ್ಕಿಂತ ಒಳ್ಳೆಯ ಕ್ರಮ ನಿಮ್ಮಲ್ಲಿದ್ದರೆ, ಅದರಲ್ಲೂ ಹಂದಿ ಹಿಂದೆ ಓಡುವ ನಾಯಿಯನ್ನು ತಿರುಗಿಸುವ ಉಪಾಯ ಗೊತ್ತಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆಯಿರಿ.