ಚೆಕ್ ವಾಪಸ್ಸು: ಕೇಸು ಯಾವ ಊರಲ್ಲಿ?

ಹಿರಿಯೂರಿನ ಅಂಗಡಿಯವನಿಗೆ ದಾವಣಗೆರೆಯ ವ್ಯಾಪಾರಿ ಚೆಕ್ ಕೊಟ್ಟ. ಹಿರಿಯೂರಿನ ಖಾತೆಗೆ ಹಾಕಿದರೆ 'ಹಣವಿಲ್ಲ' ಎಂದು ವಾಪಸ್ ಬಂತು. ಈಗ ಕೋರ್ಟಿಗೆ ದಾವಣಗೆರೆ ಬಸ್ಸು ಹತ್ತಬೇಕೇ?

ಬೇಕಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು, ಚೆಕ್ ಕೊಟ್ಟವನ ಬ್ಯಾಂಕ್ ಇರುವಲ್ಲೇ ದೂರು ಎಂದಿತ್ತು. ಮಾಲು ಕೊಟ್ಟವನೇ ಅಲೆಯುವ ಪಾಡು! 2015ರಲ್ಲಿ ಕಾಯಿದೆ ತಿದ್ದಿದರು. ಖಾತೆಗೆ ಹಾಕಿದ ಚೆಕ್ಕಾದರೆ, ಹಣ ಬರಬೇಕಾದವನ ಖಾತೆ ಇರೋ ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೋ ಅಲ್ಲೇ ಕೇಸು. ಹೊಸದುರ್ಗದ ಖಾತೆಗೆ ಹೊಸದುರ್ಗ, ಹೊಳಲ್ಕೆರೆಯದಕ್ಕೆ ಹೊಳಲ್ಕೆರೆ.

ಆದರೆ ದಿನದ ಲೆಕ್ಕ ತಪ್ಪಬಾರದು. ಚೆಕ್ಕಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟೀಸು. ಅದು ಮುಟ್ಟಿದ ಮೇಲೆ ಅವನಿಗೆ 15 ದಿನ ಗಡುವು. ಆಗಲೂ ಕೊಡದಿದ್ದರೆ, ಗಡುವು ಮುಗಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು. 'ನಾಳೆ ಕೊಡ್ತೀನಣ್ಣ' ಎಂಬ ಮಾತಿಗೆ ಕೂತವರೇ ಕೆಡೋದು. ದೂರು ತಡವಾದರೆ ತಕ್ಕ ಕಾರಣ ಕೇಳಿ ಕೋರ್ಟು ಮನ್ನಿಸಬಹುದು. ನೋಟೀಸು ತಪ್ಪಿತೋ, ಚೆಕ್ಕಿನ ಅವಧಿ ಇನ್ನೂ ಉಳಿದಿದ್ದರೆ ಮತ್ತೆ ಹಾಕೋದೊಂದೇ ದಾರಿ.

ಶಿಕ್ಷೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆಯಾದವನು ಅಪೀಲು ಹಾಕೋದು ಜಿಲ್ಲೆಯ ಸೆಷನ್ಸ್ ಕೋರ್ಟಿಗೆ. ಅದರ ಮೇಲೆ ಬೆಂಗಳೂರಿನ ಹೈಕೋರ್ಟು. ಚಿತ್ರದುರ್ಗ ಧಾರವಾಡ ಪೀಠಕ್ಕೆ ಸೇರಿಲ್ಲ. ಕೊನೆಗೆ ದಿಲ್ಲಿ. ಅಮೆರಿಕದಲ್ಲಿ ಕೇಂದ್ರದ ಕೋರ್ಟು ಬೇರೆ, ರಾಜ್ಯದ್ದು ಬೇರೆ. ಇಲ್ಲಿ ತಾಲ್ಲೂಕಿನಿಂದ ದಿಲ್ಲಿವರೆಗೆ ಒಂದೇ ಏಣಿ.

ಅಷ್ಟು ಹತ್ತೋ ತಾಕತ್ತಿಲ್ಲದವರಿಗೆ ಲೋಕ ಅದಾಲತ್ ಇದೆ. ಇಬ್ಬರೂ ಒಪ್ಪಿದರೆ ಅಲ್ಲೇ ಇತ್ಯರ್ಥ, ಮೇಲೆ ಅಪೀಲಿಲ್ಲ.