ಪರಿಚಯದ ಡಾಕ್ಟರೂ ಒಂದು ಮದ್ದು!

ಪೇಟೆ ಬೀದಿಯ ಮೂಲೆಯಲ್ಲಿದ್ದ ಹಳೇ ಡಾಕ್ಟರ ಶಾಪು ಬಾಗಿಲು ಮುಚ್ಚಿ ವರ್ಷಗಳೇ ಆದವು. "ಏನಯ್ಯಾ, ನಿಮ್ಮಪ್ಪನ ಕೆಮ್ಮು ಹೇಗಿದೆ?" ಅಂತ ದಾರಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದವರು ಅವರು. ಈಗ ಸಕ್ಕರೆಗೊಬ್ಬರು, ಮಂಡಿಗೊಬ್ಬರು, ಎದೆಗೊಬ್ಬರು. ಹೋದಲ್ಲೆಲ್ಲ ಕಥೆ ಮೊದಲಿಂದ ಹೇಳಬೇಕು. ಹೋದ ವರ್ಷ ನಮ್ಮಪ್ಪನಿಗೆ ಇಬ್ಬರು ಡಾಕ್ಟರು ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ಬರೆದುಕೊಟ್ಟಿದ್ದರು. ಪತ್ತೆ ಹಚ್ಚಿದವನು ಔಷಧಿ ಅಂಗಡಿಯ ಹುಡುಗ!

ಹಾಗಾದರೆ ಪರಿಚಯದ ಡಾಕ್ಟರಿದ್ದರೆ ನಿಜವಾಗಿ ಲಾಭವುಂಟೋ, ಅಥವಾ ಇದು ಬರೀ ಹಳೇ ಕಾಲದ ಹಳಹಳಿಕೆಯೋ? ಯುರೋಪಿನ ಉತ್ತರ ತುದಿಯ ನಾರ್ವೆಯಲ್ಲಿ ಇದಕ್ಕೆ ಲೆಕ್ಕ ಹಾಕಿದ್ದಾರೆ.

ಅಲ್ಲಿ 2001ರಿಂದ ಒಂದು ಪದ್ಧತಿ ಇದೆ. ಪ್ರತಿಯೊಬ್ಬ ಪ್ರಜೆಯ ಹೆಸರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿರಬಹುದು. ಬೇಡವೆಂದರೆ ವರ್ಷಕ್ಕೆ ಎರಡು ಸಲ ಡಾಕ್ಟರನ್ನು ಬದಲಾಯಿಸಬಹುದು. ಹೀಗಾಗಿ ಯಾರು ಯಾರ ಹತ್ತಿರ ಎಷ್ಟು ವರ್ಷದಿಂದ ಇದ್ದಾರೆಂಬುದು ಸರ್ಕಾರದ ದಫ್ತರಿನಲ್ಲೇ ಸಿಗುತ್ತದೆ. ಬರ್ಗೆನ್ ಊರಿನ ಸಂಶೋಧಕ ಹೋಗ್ನೆ ಸಾಂಡ್ವಿಕ್ ಮತ್ತು ಸಂಗಡಿಗರು ಸುಮಾರು 45 ಲಕ್ಷ ಜನರ 2018ರ ದಾಖಲೆ ತೆಗೆದು ನೋಡಿದರು. ವರದಿ 2022ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಲೆಕ್ಕ ಹೀಗಿದೆ. ಒಂದೇ ವರ್ಷದ ಪರಿಚಯದವರಿಗೆ ಹೋಲಿಸಿದರೆ, 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಡಾಕ್ಟರ ಬಳಿ ಇದ್ದವರು ಅವೇಳೆಯಲ್ಲಿ ತುರ್ತು ಚಿಕಿತ್ಸೆಗೆ ಓಡುವುದು ಸುಮಾರು ಶೇ. 30 ಕಡಿಮೆ. ತುರ್ತಾಗಿ ಆಸ್ಪತ್ರೆಗೆ ಸೇರುವುದು ಶೇ. 28 ಕಡಿಮೆ. ಸಾವು? ಶೇ. 25 ಕಡಿಮೆ! ಎರಡು ಮೂರು ವರ್ಷದ ಪರಿಚಯಕ್ಕೇ ಲಾಭ ಕಾಣತೊಡಗುತ್ತದೆ. ಪರಿಚಯವೇ ಇದಕ್ಕೆಲ್ಲ ಕಾರಣವೆಂದು ಈ ಲೆಕ್ಕವೊಂದರಿಂದಲೇ ಸಾಧಿಸಿದಂತಾಗದು, ನಿಜ. ಆದರೆ ರೋಗಿಗಳ ವಯಸ್ಸು, ಹಳೇ ಕಾಯಿಲೆ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ವರ್ಷ ಹೆಚ್ಚಿದಂತೆ ಲಾಭವೂ ಹೆಚ್ಚುತ್ತಾ ಹೋಗಿದೆ.

ಇನ್ನೊಂದು ಮಾತು. ಅಲ್ಲಿ ಕುಟುಂಬ ವೈದ್ಯರೆಂದರೆ "ಬರೀ ಡಾಕ್ಟರು" ಅಲ್ಲ, ಅವರೂ ಸ್ಪೆಷಲಿಸ್ಟರೇ. ಅದಕ್ಕೆ ಐದು ವರ್ಷದ ತರಬೇತಿ. ಅದರ ಜೊತೆ ಸಣ್ಣ ಗುಂಪಿನಲ್ಲಿ ಕೂತು ತಮ್ಮ ರೋಗಿಗಳ ವಿಷಯ, ತಮ್ಮ ತಪ್ಪು ಒಪ್ಪು ಚರ್ಚಿಸಬೇಕು. ನಮ್ಮ ದೇಶದಲ್ಲೂ ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಫ್ಯಾಮಿಲಿ ಮೆಡಿಸಿನ್ನಿನಲ್ಲೇ ಮೂರು ವರ್ಷದ ಡಿ.ಎನ್.ಬಿ. ತರಬೇತಿ ಇದೆ. ಎಷ್ಟು ಜನಕ್ಕೆ ಗೊತ್ತು? ಹೆಣ್ಣು ಕೊಡುವವರೂ "ಯಾವ ಸ್ಪೆಷಲಿಸ್ಟು?" ಅಂತಲೇ ಕೇಳುತ್ತಾರೆ!

ಸರ್ಕಾರ ಪಟ್ಟಿ ಮಾಡುವವರೆಗೆ ನಾವು ಕಾಯಬೇಕಿಲ್ಲ. ಹತ್ತಿರದ ಒಬ್ಬ ಒಳ್ಳೇ ಡಾಕ್ಟರನ್ನು ನೋಡಿಕೊಳ್ಳಿ. ಹಳೇ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೊತೆಗೊಯ್ಯಿರಿ. ಬೇರೆಯವರು ಕೊಟ್ಟ ಮಾತ್ರೆಯನ್ನೂ ಮುಚ್ಚಿಡದೆ ತೋರಿಸಿ. ನಮ್ಮಪ್ಪನ ಚೀಲ ಈಗ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ.