ಕೈಕೂಸಲ್ಲ, ಬೆಳೆದ ಹುಡುಗ

ತೊಣ್ಣೂರು ಕೆರೆಯ ಸುತ್ತಲಿನ ಊರುಗಳಲ್ಲಿ ‘ಅಜ್ಜಿ ಮನೇಲಿ ಬೆಳೆದವನು’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ತಂದೆ ತೀರಿಕೊಂಡರೆ ಸೋದರಮಾವನೋ ದೊಡ್ಡಮ್ಮನೋ ಕರೆತಂದು ಸಾಕುತ್ತಾರೆ. ಅದಕ್ಕೆ ಅರ್ಜಿಯಿಲ್ಲ, ಆದೇಶವಿಲ್ಲ. ಆದರೆ ಬಳಗವೇ ಇಲ್ಲದ ಮಗುವಿಗೆ ಯಾರು? ಅದೂ ಹದಿನಾಲ್ಕು ತುಂಬಿದ, ಮಾತು ಸರಿಯಾಗಿ ಬಾರದ, ಮೂರ್ಛೆಗೆ ದಿನವೂ ಮಾತ್ರೆ ನುಂಗುವ ಹುಡುಗನಿಗೆ? ದತ್ತು ಕೇಳಿ ಬರುವ ಬಹುಪಾಲು ಮಂದಿಗೆ ಬೇಕಿರುವುದು ಕೈಕೂಸು.

ಇಂಥ ಮಕ್ಕಳಿಗೆ ಬಾಲಮಂದಿರದ ಬದಲು ಮನೆಯೊಂದು ಸಿಗಲಿ ಎಂದೇ ಇರುವುದು ಪೋಷಕತ್ವ ಯೋಜನೆ. ಇದಕ್ಕೆ ಆಧಾರ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್. ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಆದರೆ ದತ್ತುಮಗುವಿನಂತೆ ನಿಮ್ಮ ಹೆಸರಿಗೆ ಬರುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಬೇಡವೆನ್ನದಿದ್ದರೆ ಹೆತ್ತವರು ಬಂದು ನೋಡಬಹುದು. ಸಮಿತಿಯವರೂ ತಿಂಗಳು ತಿಂಗಳು ಬಂದು ವಿಚಾರಿಸಬೇಕು. 2024ರ ಮಾರ್ಗಸೂಚಿ ಬರುವವರೆಗೆ ದಂಪತಿಗೆ ಮಾತ್ರ ಇದ್ದ ಈ ಅವಕಾಶ ಈಗ ಅವಿವಾಹಿತರಿಗೆ, ವಿಧವೆಯರಿಗೆ, ವಿಚ್ಛೇದಿತರಿಗೂ ಇದೆ. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಮಾತ್ರ ಒಪ್ಪಿಸುವುದಿಲ್ಲ. ದತ್ತು ಪಡೆಯಬೇಕೆನಿಸಿದರೆ ಮೊದಲಿನಂತೆ ಐದು ವರ್ಷ ಕಾಯಬೇಕಿಲ್ಲ, ಎರಡು ಸಾಕು.

ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹಳ್ಳಿಯ ಮನೆಯಲ್ಲಿ ಒಂದು ಮಗುವಿನ ಊಟ-ಬಟ್ಟೆಗೆ ಸಾಲಬಹುದು. ವಿಶೇಷ ಆರೈಕೆಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಮಾತಿನ ತರಬೇತಿಗೆಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿಬಂದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವವರಿಗೆ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಂಥ ಕೆಲಸಕ್ಕೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅಲೆದಾಟ ಉಳಿಯುತ್ತದೆ.

ದುಡ್ಡಿಗಿಂತ ಗಟ್ಟಿಯಾದ ಅಡ್ಡಿ ಜಗುಲಿಯ ಮೇಲೆ ಕೂತಿರುತ್ತದೆ: ‘ಯಾರ ಮಗುವೋ, ಯಾವ ಜಾತಿಯೋ!’ ಈ ಮಾತಿಗೆ ಉತ್ತರ ಪಾಂಡವಪುರ ತಾಲ್ಲೂಕಿನಲ್ಲೇ ಇದೆ. ತೊಣ್ಣೂರಿಗೆ ಹತ್ತಿರದ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿ 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಅದರ ಕರುಣಾ ಗೃಹದಲ್ಲಿ ದಿಕ್ಕಿಲ್ಲದ ಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ನೆಲೆ ಸಿಕ್ಕಿತು. ಈ ಕಾಯ್ದೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಹಿಂದಿನ ಮಾತದು.

ಕಬ್ಬಿನ ಗದ್ದೆಗೆ, ದನ ಮೇಯಿಸುವುದಕ್ಕೆ ಒಂದು ಕೈ ಸಿಕ್ಕಿತೆಂದು ಲೆಕ್ಕ ಹಾಕುವವರು ಈ ಕಡೆ ತಲೆ ಹಾಕದಿರುವುದೇ ಒಳ್ಳೆಯದು. ಏಟು ತಿಂದು ಬೆಳೆದ ಹುಡುಗ ಮೊದಮೊದಲು ಸುಳ್ಳು ಹೇಳಬಹುದು, ರೊಟ್ಟಿಯನ್ನು ಹಾಸಿಗೆಯಡಿ ಬಚ್ಚಿಡಬಹುದು, ಅಪ್ಪಾ ಎಂದು ಕೊನೆಯವರೆಗೂ ಕರೆಯದಿರಬಹುದು. ಅಷ್ಟಾದರೂ ಸರಿ ಎನ್ನುವ ಮನೆಯವರು ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಮ್ಮೆ ಹೋಗಿ ಮಾತಾಡಿ. ಮನೆಗೆ ಕರೆತರಲು ಆಗದಿದ್ದರೂ ದಿಕ್ಕಿಲ್ಲದ ಮಗುವೊಂದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.